ಒಂದು ಗೇಣು ಎಡಕ್ಕೆ

ಮನುಷ್ಯರ ಮಿದುಳು ಎಂಥ ಚಮತ್ಕಾರದ ವಸ್ತು ಎಂಬುದನ್ನು ಗಜೇಂದ್ರಗಡದ ನಮ್ಮ ಮನೆಯವರಿಗೆ ತೋರಿಸಿಯೇ ಧಾರವಾಡಕ್ಕೆ ಮರಳುವುದೆಂದು ೨೦೦೬ರ ರಜೆಯಲ್ಲಿ ಪಣ ತೊಟ್ಟೆ. ಮದುವೆಯಾದ ಮೇಲೆ ಬಿ.ಎಸ್ಸಿ. ಸೇರಿದವಳು ನಾನು. ಓದುತ್ತಿದ್ದುದು ನರವಿಜ್ಞಾನ. ಆ ಹೆಸರನ್ನು ತಡವರಿಸದೆ ಹೇಳಬಲ್ಲವಳು ಇಡೀ ಓಣಿಗೆ ನಾನೊಬ್ಬಳೇ! ನನ್ನನ್ನು ಎರಡನೇ ವರ್ಷಕ್ಕೆ ಕಳಿಸಬೇಕೋ ಬೇಡವೋ ಎಂದು ತೀರ್ಮಾನಿಸಲು ಮಾವನವರ ಅಕ್ಕ, ನನ್ನ ಗಂಡನ ಫುಪ್ಪು ರಸೂಲಬಿ ನರಗುಂದದಿಂದ ಬರುವವರಿದ್ದರು. ಸೊಸೆ ಮನೆಯಲ್ಲಿದ್ದರೇ ಚೆಂದ ಎಂಬುದು ಅವರ ಮತ. ಮಾವ ಮದರಸಾಬರು ಅಕ್ಕನ ಮಾತನ್ನು ಮೀರಿದವರಲ್ಲ.

ಅಂದು ಬೆಳಿಗ್ಗೆ ಕಾಲೇಜಿನಿಂದ ತಂದಿದ್ದ ಚಶ್ಮಾ ಏರಿಸಿದೆ. ಅದರ ಗಾಜಿನಲ್ಲಿ ನೋಡಿದರೆ ಎಲ್ಲವೂ ಇರುವ ಜಾಗಕ್ಕಿಂತ ಒಂದು ಗೇಣು ಬಲಕ್ಕೆ ಕಾಣುತ್ತದೆ. ಹಾಲಿನ ಪಾತ್ರೆಗೆ ಚಾಚಿದ ಕೈ ಬೆಕ್ಕಿನ ಕುತ್ತಿಗೆ ಹಿಡಿಯಿತು. ಚಹಾಕ್ಕೆ ಹಾಕಿದ ಸಕ್ಕರೆ ನೆಲದ ಇರುವೆಗಳಿಗೆ ಹಬ್ಬವಾಯಿತು. ನನ್ನ ಗಂಡ ಶಾಹೀದ ಬಾಗಿಲಲ್ಲೇ ನಿಂತುಬಿಟ್ಟಿದ್ದರು.

"ಇದೇನ ಹಚ್ಚೀಯ ಮುನೀರಾ?"

"ಪ್ರಯೋಗ ಐತ್ರಿ. ಸ್ವಲ್ಪ ತಡೀರಿ, ಮಿದುಳು ತಾನ ಕಲೀತೈತಿ."

ಕಲಿತೂ ಬಿಟ್ಟಿತು, ಕಂಡದ್ದಕ್ಕಿಂತ ಒಂದು ಗೇಣು ಎಡಕ್ಕೆ ಕೈ ಹಾಕುವುದನ್ನು! ಮಧ್ಯಾಹ್ನದೊಳಗೆ ಒಂದು ಹನಿ ಚೆಲ್ಲದೆ ಮಟನ್ ಸಾರು ಮಾಡಿ ಇಳಿಸಿದ್ದೆ. ನನ್ನ ಮಿದುಳಿಗೆ ಶಾಲು ಹೊದಿಸಿ ಸನ್ಮಾನ ಮಾಡಬೇಕೆನಿಸಿತು.

ರಸೂಲಬಿ ಬಂದು ಊಟಕ್ಕೆ ಕುಳಿತರು. ಆ ಅವತಾರದಲ್ಲಿ ಮಾತ್ರ ಹೊರಗೆ ಬರಬೇಡವೆಂದು ಶಾಹೀದ ಕೈ ಮುಗಿದರು. ಅಷ್ಟೇ ತಾನೇ! ಚಶ್ಮಾ ತೆಗೆದಿಟ್ಟು ಬಡಿಸಲು ಹೊರಟೆ. ಚಶ್ಮಾ ತೆಗೆದರೂ ಪಳಗಿದ ಕೈ ಕೆಲಹೊತ್ತು ಎಡಕ್ಕೇ ಹೋಗುತ್ತದೆ ಎಂಬ ಪಾಠ ಎರಡನೇ ವರ್ಷದಲ್ಲಿತ್ತು.

ರಸೂಲಬಿಯವರ ತಟ್ಟೆಗೆಂದು ಹಾಕಿದ ಮೊದಲ ಸೌಟು ಸಾರು, ನನ್ನ ಎಡಕ್ಕೆ ಕುಳಿತಿದ್ದ ಮಾವನವರ ಬಿಳಿ ಪೈಜಾಮದ ಮೇಲಿಳಿಯಿತು. ಗಾಬರಿಯಲ್ಲಿ ಇನ್ನೊಂದು ಸೌಟು ಹಾಕಿದೆ. ಅದು ಅವರಿಬ್ಬರ ನಡುವೆ ಬಾಯಿ ತೆರೆದುಕೊಂಡಿದ್ದ ರಸೂಲಬಿಯವರ ಹೊಸ ಪರ್ಸಿನೊಳಗೆ! ಸಾರು ಆರಿದ್ದರಿಂದ ಬಚಾವಾದೆ. ಮುಂದಿನದು ತಟ್ಟೆಯ ನಟ್ಟನಡುವೆ ಬಿತ್ತು. ನನಗೆ ಸಂತೋಷ ತಡೆಯಲಾಗಲಿಲ್ಲ.

"ನೋಡ್ರಿ ಫುಪ್ಪು, ಮಿದುಳು ಮತ್ತ ಕಲೀತು," ಎಂದುಬಿಟ್ಟೆ.

ಮಾವ ಪೈಜಾಮದ ಅಂಚು ಹಿಂಡುತ್ತಿದ್ದರು. ನನ್ನ ಓದು ಇಲ್ಲಿಗೆ ಮುಗಿಯಿತೆಂದುಕೊಂಡೆ. ರಸೂಲಬಿ ಪರ್ಸಿನಿಂದ ಎಲುಬಿನ ತುಂಡೊಂದನ್ನು ತೆಗೆದು ತಟ್ಟೆಯಂಚಿಗಿಟ್ಟು, ತಮ್ಮನ ಕಡೆ ತಿರುಗಿದರು.

"ಮದರಸಾಬ, ಈಕಿನ್ನ ಲಗೂ ಧಾರವಾಡಕ್ಕ ಕಳಸಿಬಿಡು. ಅರ್ಧಾ ಓದಿದಾಕಿನ್ನ ಮನಿಯಾಗ ಇಟ್ಕೊಂಡ್ರ ನಾವ್ಯಾರೂ ಉಳಿಯೂದಿಲ್ಲ."