ಅತ್ತೆಯ ವೀಸಾ ಮತ್ತು ಹುಬಾರಾ ಹಕ್ಕಿಯ ಬಿಲ್ಲೆ

ನಮ್ಮತ್ತೆ ಬಾಣಂತನಕ್ಕೆ ಕುವೈತಿಗೆ ಬರುವುದು ಆಗಹೋಗುವ ಮಾತಲ್ಲ ಎಂದು ಮೊದಲು ಹೇಳಿದವರು ನಮ್ಮ ಭಾವ ಮಲ್ಲೇಶಪ್ಪನವರು. ನನ್ನ ಅಕ್ಕನ ಗಂಡ. ಶುವೈಖ್ ಬಂದರಿನ ಗೋದಾಮೊಂದರಲ್ಲಿ ಸ್ಟೋರ್ ಕೀಪರ್. ಅಕ್ಕ ಮಕ್ಕಳ ಓದಿಗೆಂದು ತುಮಕೂರಿನಲ್ಲಿದ್ದುದರಿಂದ ಭಾವ ರೂಮಿನಲ್ಲಿ ಒಬ್ಬರೇ ಇದ್ದು, ರಜೆಯ ದಿನಗಳಲ್ಲಿ ನಮ್ಮ ಮನೆಗೆ ಊಟಕ್ಕೂ, ಯಾವುದು ಯಾವುದು ಆಗುವುದಿಲ್ಲ ಎಂದು ಹೇಳುವುದಕ್ಕೂ ಬರುತ್ತಿದ್ದರು. ನಾನು ಬಿ.ಕಾಂ. ಪಾಸಾಗುವುದು ಆಗದ ಮಾತು ಎಂದಿದ್ದವರೂ ಅವರೇ. ಎರಡು ಸಲ ಅವರ ಮಾತು ನಿಜವಾಯಿತು. ಮೂರನೆಯ ಸಲ ಸುಳ್ಳಾಯಿತು.

ನಮ್ಮಪ್ಪ ಹೈಸ್ಕೂಲಿನ ಜವಾನ. ಜೀವಮಾನವೆಲ್ಲ ಬೇರೆಯವರ ಮಕ್ಕಳಿಗೆ ಗಂಟೆ ಬಾರಿಸಿ ತಾನು ಹೊರಗೆ ನಿಂತವನು. ನಮ್ಮ ವಂಶದಲ್ಲಿ ಗಂಟೆ ಕೇಳಿ ಕಾಲೇಜಿನ ಒಳಗೆ ಹೋದವನು ನಾನೇ ಮೊದಲು. ಆದ್ದರಿಂದ ನನ್ನ ಡಿಗ್ರಿ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ, ವಿಮಾನದಲ್ಲಿ ಮಡಿಲಲ್ಲೇ ಇಟ್ಟುಕೊಂಡು ತಂದು, ಸಾಲ್ಮಿಯಾದ ನಮ್ಮ ಎರಡು ಕೋಣೆಯ ಮನೆಯಲ್ಲಿ ಬಾಗಿಲಿಗೆ ಎದುರಾಗಿ ತೂಗುಹಾಕಿದ್ದೆ. ಬಂದವರು ಚಪ್ಪಲಿ ಬಿಡುವ ಮೊದಲೇ ಅದನ್ನು ನೋಡಬೇಕಾಗಿತ್ತು.

ಗಿರಿಜಾ ಏಳು ತಿಂಗಳ ಬಸುರಿ. ಚೊಚ್ಚಲು. ಖಾರ ಅರೆಯುವುದಕ್ಕೆ, ಎಣ್ಣೆ ನೀರು ಹಾಕುವುದಕ್ಕೆ ಅವಳ ತಾಯಿ ತಿಪಟೂರಿನಿಂದ ಬರಲೇಬೇಕು. ಬರಬೇಕಾದರೆ ಭೇಟಿ ವೀಸಾ ಬೇಕು. ಅದರ ಅರ್ಜಿಗೆ ನನ್ನ ಕಫೀಲ್, ಅಂದರೆ ನನ್ನ ಇಕಾಮಾಕ್ಕೆ (ಇಲ್ಲಿ ವಾಸಿಸುವ ಪರವಾನಗಿಗೆ) ಜವಾಬುದಾರನಾದ ಯಜಮಾನ, ಸಹಿ ಹಾಕಬೇಕು. ಆ ಅರ್ಜಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡೇ ನಾನು ಓಡಾಡುತ್ತಿದ್ದೆ. ಯಜಮಾನರ ಮುಖ ನಗುತ್ತಿರುವ ಗಳಿಗೆ ಸಿಗಲಿ ಎಂದು ಕಾಯುತ್ತಿದ್ದೆ.

ನಮ್ಮ ಯಜಮಾನರು ಅಬು ನಾಸೆರ್. ಶುವೈಖ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಅವರದು ಟೈರು, ಬಿಡಿಭಾಗಗಳ ವ್ಯಾಪಾರ. ನಾನು ಲೆಕ್ಕ ಬರೆಯುವವನು. ಕೆಟ್ಟವರಲ್ಲ. ಆದರೆ ಚಳಿ ಬಿದ್ದು ಮರಳುಗಾಡಿಗೆ ಹಕ್ಕಿ ಇಳಿಯಿತೆಂದರೆ ಅವರಿಗೆ ಟೈರೂ ಬೇಡ, ನಾವೂ ಬೇಡ. ಹುಬಾರಾ ಎಂಬ ಕೋಳಿಗಿಂತ ಕೊಂಚ ದೊಡ್ಡ ಹಕ್ಕಿಯ ಹಿಂದೆ ಅವರ ಪ್ರಾಣ. ಆ ವರ್ಷ ಸರ್ಕಾರ ಬೇಟೆಗೆ ಕಡಿವಾಣ ಹಾಕಿತ್ತು. ಹೊಡೆದ ಪ್ರತಿ ಹಕ್ಕಿಯ ಕಾಲಿಗೂ ಒಂದು ತಗಡಿನ ಬಿಲ್ಲೆ ಕಟ್ಟಬೇಕು. ಬಿಲ್ಲೆಯಿಲ್ಲದ ಹಕ್ಕಿ ಸಿಕ್ಕರೆ ಪರವಾನಗಿ ರದ್ದು. ನಾಡಿನವರಿಗೆ ಒಂದೊಂದು ಗೊಂಚಲು ಬಿಲ್ಲೆ. ನಮ್ಮಂಥ ಹೊರಗಿನವರಿಗೆ ಒಂದೇ ಒಂದು, ಅದೂ ಪರೀಕ್ಷೆ ಪಾಸಾದ ಕೆಲವರಿಗೆ ಮಾತ್ರ.

ಇದನ್ನು ಕೇಳಿದಾಗ ಭಾವ, "ಅವ್ರಿಗೆ ಗೊಂಚಲು, ನಮಗೆ ಒಂದು. ಹೊಡೆದವನ ಇಕಾಮಾ ನೋಡಿ ಸಾಯಕ್ಕೆ ಆ ಹಕ್ಕಿಗೇನು ಓದು ಬರ್ತದೇನಯ್ಯಾ?" ಎಂದಿದ್ದರು.

ಅಬು ನಾಸೆರ್ ತಮ್ಮ ಗೊಂಚಲನ್ನು ಬೇಗನೆ ಮುಗಿಸಿಬಿಟ್ಟರು. ಅವರ ಚಿಕ್ಕಪ್ಪನ ಮಗನೂ ಮುಗಿಸಿದ್ದ. ಇಬ್ಬರದೂ ಸಮ. ಯಾರು ಒಂದು ಹಕ್ಕಿ ಹೆಚ್ಚು ತರುತ್ತಾರೋ ಅವರು ಗೆದ್ದಂತೆ ಎಂದು ದಿವಾನಿಯಾದಲ್ಲಿ, ಎಂದರೆ ಗಂಡಸರು ಕೂತು ಹರಟುವ ಪಡಸಾಲೆಯಲ್ಲಿ, ಪಂದ್ಯ ಬಿದ್ದಿತ್ತು. ಒಂದು ಬೆಳಿಗ್ಗೆ ಯಜಮಾನರು ನನ್ನನ್ನು ಒಳಗೆ ಕರೆದು, ಹಿಂದಿ, ಇಂಗ್ಲಿಷು, ಅರಬ್ಬಿ ಕಲಸಿದ ನಮ್ಮ ಕಚೇರಿಯ ಭಾಷೆಯಲ್ಲಿ ಕೇಳಿದರು:

"ಶಿವಾ, ನೀನು ಓದಿದವನಲ್ಲವಾ?"

ಈ ಪ್ರಶ್ನೆಗೆ ಇಲ್ಲ ಎಂದು ನಾನು ಈವರೆಗೆ ಯಾರಿಗೂ ಹೇಳಿಲ್ಲ.

"ಹಾಗಾದರೆ ಹೊರಗಿನವರ ಪರೀಕ್ಷೆ ಬರಿ. ಬಿಲ್ಲೆ ತಗೋ. ಶುಕ್ರವಾರ ನನ್ನ ಜೊತೆ ಬಾ. ಬಿಲ್ಲೆ ನಿನ್ನದು, ಹಕ್ಕಿ ನನ್ನದು. ಶನಿವಾರ ನಿನ್ನ ಅತ್ತೆಯ ಕಾಗದಕ್ಕೆ ಸಹಿ. ಯಲ್ಲಾ, ನಡಿ!"

ಮನೆಗೆ ಬಂದು ಹೇಳಿದೆ. ಗಿರಿಜಾ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು.

"ರೀ, ನಾವು ಲಿಂಗ ಕಟ್ಟಿದೋರು. ನೀವು ಹಕ್ಕಿ ಹೊಡೀತೀರಾ?"

"ನಾನ್ಯಾಕೆ ಹೊಡೀಲಿ? ಬಿಲ್ಲೆ ಮಾತ್ರ ನಂದು."

"ಅಮ್ಮಂಗೆ ಗೊತ್ತಾದ್ರೆ?"

"ನಿಮ್ಮಮ್ಮ ಬರಲಿ ಅಂತಾನೇ ಕಣೇ ಇದೆಲ್ಲ."

ಅವಳ ಪಾದ ಊದಿದ್ದವು, ಕೂತಳು. ದಿನಗಳು ನಿಲ್ಲುತ್ತಿರಲಿಲ್ಲ. ತಿಂಗಳು ತುಂಬಿದ ಮೇಲೆ ಅತ್ತೆ ಬಂದು ಏನು ಮಾಡುವುದು?

ಊಟಕ್ಕೆ ಬಂದಿದ್ದ ಭಾವ ಮಾತ್ರ ಚಿತ್ರಾನ್ನ ಕಲಸುತ್ತ, "ಬಂದೂಕು? ನೀನು? ಆಗದ ಮಾತು," ಎಂದರು.

ಅಲ್ಲಿಗೆ ನನ್ನ ಛಲ ಎದ್ದಿತು. ಪರೀಕ್ಷೆ ಎಂದ ಮೇಲೆ ಪರೀಕ್ಷೆ. ಬಾಯಿಪಾಠ ಮಾಡಿದರೆ ಬಗ್ಗದ ಪರೀಕ್ಷೆ ಯಾವುದಿದೆ? ಬೇಟೆಯ ನಿಯಮಗಳ ಇಂಗ್ಲಿಷ್ ಪುಸ್ತಕ ತಂದೆ. ಬಿ.ಕಾಂ.ಗೆ ಓದಿದ ಹಾಗೆಯೇ ಅಡುಗೆಮನೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಅಡುಗೆಮನೆಗೆ ಓಡಾಡುತ್ತ ಗಟ್ಟಿಯಾಗಿ ಓದಿದೆ. ಗಿರಿಜಾ ತರಕಾರಿ ಹೆಚ್ಚುತ್ತಲೇ, "ಎಂಟನೇದು ಬಿಟ್ರಿ" ಎನ್ನುತ್ತಿದ್ದಳು. "ನಂಗಿರಲಿ, ಹೊಟ್ಟೇಲಿರೋದಕ್ಕೂ ಬಾಯಿಪಾಠ ಆಗಿದೆ" ಎಂದಳು ಒಮ್ಮೆ. ಗುರಿಯ ಅಭ್ಯಾಸಕ್ಕೆ ಪೊರಕೆಯನ್ನು ಹೆಗಲಿಗೇರಿಸಿ, ಒಂದು ಕಣ್ಣು ಮುಚ್ಚಿ, ಕಿಟಕಿಯಾಚೆಯ ನೀರಿನ ತೊಟ್ಟಿಗೆ ಗುರಿಯಿಟ್ಟೆ.

"ರೀ, ಗುರಿ ಆಯ್ತಾ? ಗುಡಿಸ್ಬೇಕು."

ಬಿಲ್ಲೆಯ ಅರ್ಜಿಯೊಂದಿಗೆ ಏನನ್ನೂ ಲಗತ್ತಿಸಬೇಕೆಂದು ಇಲಾಖೆಯವರು ಕೇಳಿರಲಿಲ್ಲ. ಆದರೆ ನಮ್ಮ ಕಡೆಯ ಪದವೀಧರ ಅಟೆಸ್ಟೆಡ್ ಕಾಪಿ ಇಲ್ಲದೆ ಎಲ್ಲಿಗಾದರೂ ಹೋಗುವುದುಂಟೆ? ಡಿಗ್ರಿ, ಮಾರ್ಕ್ಸ್ ಕಾರ್ಡು, ನಡತೆ ಪ್ರಮಾಣಪತ್ರ ಎಲ್ಲವನ್ನೂ ಮೂರು ಮೂರು ಪ್ರತಿ ಹೊಲಿದು, ಹೆಸರಿನ ಮುಂದೆ ಬಿ.ಕಾಂ. ಎಂದು ಬರೆದು ಕೊಟ್ಟೆ. ಹಕ್ಕಿ ಹೊಡೆಯುವುದಕ್ಕೆ!

ಪರೀಕ್ಷೆಯ ಅಧಿಕಾರಿ ನರೆತ ಮೀಸೆಯ ಈಜಿಪ್ಟಿನವರು. ನನ್ನ ಕಾಗದದ ಕಟ್ಟನ್ನು ಎತ್ತಿ ತೂಕ ನೋಡಿದರು. ಒಂದು ಪ್ರಶ್ನೆ ಕೇಳಿದರು. ನಾನು ಮೊದಲನೆಯ ನಿಯಮದಿಂದ ಹಿಡಿದು ಕೊನೆಯ ನಿಯಮದವರೆಗೆ ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಎಂಟನೆಯದನ್ನೂ ಬಿಡಲಿಲ್ಲ. ಬಿಲ್ಲೆ ಯಾರದೋ ಹಕ್ಕಿಯನ್ನೂ ಅವರೇ ಹೊಡೆಯಬೇಕು, ಇನ್ನೊಬ್ಬರಿಗೆ ಕೊಡಕೂಡದು ಎಂಬುದೇ ಎಂಟನೆಯದು. ಅದನ್ನು ಮಾತ್ರ ಕೊಂಚ ಬೇಗ ಹೇಳಿದೆ. ಸಾಲಿನಲ್ಲಿದ್ದ ಇಂಗ್ಲಿಷಿನವನೊಬ್ಬ ಚಪ್ಪಾಳೆ ತಟ್ಟಿದ.

ಆಮೇಲೆ ಹಿತ್ತಲಿಗೆ ಕರೆದೊಯ್ದು ಕೈಗೆ ಛರ್ರೆ ಬಂದೂಕು ಕೊಟ್ಟರು. ಎದುರಿಗೆ ಒಂದು ತಗಡಿನ ಡಬ್ಬ. ಒಂದು ಕಣ್ಣು ಮುಚ್ಚಬೇಕೆಂದು ಗೊತ್ತಿತ್ತು. ಯಾವ ಕಣ್ಣೆಂದು ಪುಸ್ತಕದಲ್ಲಿ ಇರಲಿಲ್ಲ. ಎರಡನ್ನೂ ಮುಚ್ಚಿದೆ.

ಸದ್ದಾಯಿತು. ಡಬ್ಬ ಅಲ್ಲಾಡಲಿಲ್ಲ. ಪಕ್ಕದ ಗೂಟಕ್ಕೆ ತೂಗುಹಾಕಿದ್ದ ಅಧಿಕಾರಿಯವರ ಕ್ಯಾನ್ವಾಸ್ ನೀರಿನ ಚೀಲ ಮಾತ್ರ ಸಣ್ಣಗೆ ಸೋರತೊಡಗಿತು.

ಅಧಿಕಾರಿ ನನ್ನ ಕೈಯಿಂದ ಬಂದೂಕು ತೆಗೆದುಕೊಂಡು, ಚೀಲದ ತೂತಿಗೆ ಬೆರಳಿಟ್ಟರು. "ಉಸ್ತಾದ್," ಎಂದರು, "ಇಷ್ಟು ಓದಿದವರು ಬಂದೂಕು ಹಿಡಿಯಬಾರದು. ಬಂದೂಕು ಹಿಡಿದವರನ್ನು ಹಿಡಿಯಬೇಕು. ನಿಮಗೆ ಬಿಲ್ಲೆ ಇಲ್ಲ. ಆದರೆ ಶುಕ್ರವಾರ ಮರಳುಗಾಡಿನ ರಸ್ತೆಯಲ್ಲಿ ನಮ್ಮ ತಪಾಸಣೆ ಇದೆ. ನಿಯಮ ಗೊತ್ತಿರುವ ಸ್ವಯಂಸೇವಕರು ಬೇಕು. ಬರುತ್ತೀರಾ?"

ಆಗಲೇ ಅಲ್ಲಿಂದ ಓಡಬೇಕಾಗಿತ್ತು. ಅದರ ಬದಲು ನಾನು ಕೇಳಿದ್ದು ಹೀಗೆ:

"ಸರ್ಟಿಫಿಕೇಟ್ ಕೊಡುತ್ತೀರಾ?"

"ಕೊಡುತ್ತೇವೆ."

"ಬರುತ್ತೇನೆ."

ತೋಳಿಗೆ ಕಟ್ಟುವ ಹಸಿರು ಪಟ್ಟಿಯೊಂದನ್ನು ಹಿಡಿದು ಮನೆಗೆ ಬಂದೆ. ಗಿರಿಜಾ ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಬಿಲ್ಲೆ ಎಲ್ಲಿ?"

"ಬಿಲ್ಲೆ ಇಲ್ಲ. ಬಿಲ್ಲೆ ತಪಾಸಣೆ ಮಾಡೋ ಅಧಿಕಾರ ಸಿಕ್ಕಿದೆ."

"ನಿಮ್ಮ ಸಾಹೇಬ್ರ ಬಿಲ್ಲೇನೂ?"

ಆ ಪ್ರಶ್ನೆ ಪದವೀಧರನಾದ ನನಗೆ ದಾರಿಯುದ್ದಕ್ಕೂ ಹೊಳೆದಿರಲಿಲ್ಲ.

ಗುರುವಾರ ಯಜಮಾನರು ಕೇಳಿದರು: "ಪರೀಕ್ಷೆ ಏನಾಯಿತು, ಶಿವಾ?" ನಿಜ ಹೇಳಬೇಕೆಂದೇ ಬಾಯಿ ತೆರೆದೆ. ಜೇಬಿನಲ್ಲಿದ್ದ ಅರ್ಜಿ ಚುಚ್ಚಿತು. "ಮುಗಿಯಿತು ಸಾರ್. ಶುಕ್ರವಾರ ನಿಮಗಿಂತ ಮೊದಲೇ ಹೋಗಿ ನಾನೂ ಮರಳುಗಾಡಿನಲ್ಲೇ ಇರುತ್ತೇನೆ," ಎಂದೆ. ಒಂದೊಂದು ಅಕ್ಷರವೂ ನಿಜ. ಅವರು ನನ್ನ ಬೆನ್ನು ತಟ್ಟಿದರು. ಅಂಥ ಸಂತೋಷದಿಂದ ಯಾರೂ ನನ್ನ ಬೆನ್ನು ತಟ್ಟಿರಲಿಲ್ಲ. ಡಿಗ್ರಿ ಬಂದ ದಿನ ಅಪ್ಪ ಕೂಡ.

ಶುಕ್ರವಾರ ರಸ್ತೆಯ ಪಕ್ಕ ಹಸಿರು ಪಟ್ಟಿ ಕಟ್ಟಿಕೊಂಡು ನಿಂತೆ. ದೂರದಲ್ಲಿ ಧೂಳೆದ್ದಾಗಲೆಲ್ಲ ಯಜಮಾನರ ಬಿಳಿಯ ಜೀಪೇ ಏನೋ ಎಂದು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದೆ. ಯಜಮಾನರು ಬೇರೆ ರಸ್ತೆ ಹಿಡಿಯಲಿ ಎಂದು ಸಿದ್ಧಗಂಗೆಯವರೆಗೂ ಹರಕೆ ಹೊತ್ತೆ. ಹಕ್ಕಿಗಳೇ ಸಿಗದಿರಲಿ ಎಂದು ಬೇಡಿಕೊಂಡೆ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಿಳಿಯ ಜೀಪು ಬಂದೇ ಬಂದಿತು. ಹಿಂದೆಯೇ ಚಿಕ್ಕಪ್ಪನ ಮಗನ ಜೀಪೂ ಬಂತು.

ನನ್ನನ್ನು ಕಂಡೊಡನೆ ಅಬು ನಾಸೆರ್ ಅವರ ಮುಖ ಅರಳಿತು. ಇಳಿದು ಬಂದು ಕಿವಿಯಲ್ಲಿ, "ಒಂದು ಹಕ್ಕಿ ಹೆಚ್ಚಿದೆ. ಬೇಗ ಬಿಲ್ಲೆ ಕೊಡು," ಎಂದರು.

"ಬಿಲ್ಲೆ ಇಲ್ಲ ಸಾರ್."

"ಮತ್ತೇನಿದೆ?"

ನಾನು ತೋಳು ತೋರಿಸಿದೆ.

ಯಜಮಾನರು ಪಟ್ಟಿಯನ್ನು ನೋಡಿದರು. ನನ್ನನ್ನು ನೋಡಿದರು. ಆಮೇಲೆ ನಿಧಾನವಾಗಿ ಅವರ ಮುಖದಲ್ಲಿ ಇನ್ನೂ ದೊಡ್ಡ ನಗು ಮೂಡಿತು. ತಪಾಸಣೆಯವನೇ ತಮ್ಮವನು! ಒಂದು ಕಣ್ಣು ಮಿಟುಕಿಸಿದರು. ಆ ಕಣ್ಣಿನಲ್ಲಿ ಅತ್ತೆಯ ವೀಸಾ ಸ್ಪಷ್ಟವಾಗಿ ಕಾಣಿಸಿತು.

"ಉಸ್ತಾದ್, ಈ ಜೀಪು ನೀವು ನೋಡಿ," ಎಂದರು ಅಧಿಕಾರಿ.

ನನ್ನ ಯೋಜನೆ ಸರಳವಾಗಿತ್ತು. ಐಸ್ ಪೆಟ್ಟಿಗೆಯ ಮುಚ್ಚಳ ಎತ್ತುವುದು. ಹಾಗೇ ಮುಚ್ಚುವುದು. "ಸರಿಯಿದೆ" ಎನ್ನುವುದು. ನಿಯಮವೆಲ್ಲ ಬಾಯಿಪಾಠ ಮಾಡಿದ ಬಾಯಿಂದಲೇ ಅದನ್ನು ಹೇಳಬೇಕು. ಒಂದು ಕಡೆ ಗಂಟೆ ಬಾರಿಸುವ ಅಪ್ಪ, ಇನ್ನೊಂದು ಕಡೆ ಗಿರಿಜಾಳ ಊದಿದ ಪಾದ. ಯಾವುದನ್ನು ಆರಿಸಿಕೊಳ್ಳುತ್ತಿದ್ದೆನೋ ದೇವರಾಣೆಗೂ ಗೊತ್ತಿಲ್ಲ. ಏಕೆಂದರೆ ಆರಿಸುವ ಸಂದರ್ಭವೇ ಬರಲಿಲ್ಲ.

ಮುಚ್ಚಳ ಎತ್ತಿದೆ. ಐಸಿನ ನಡುವಿನಿಂದ ಒಂದು ಕಣ್ಣು ನನ್ನನ್ನು ನೋಡುತ್ತಿತ್ತು.

ಸತ್ತ ಹಕ್ಕಿಯನ್ನು ಅಷ್ಟು ಹತ್ತಿರದಿಂದ ನಾನು ಕಂಡವನಲ್ಲ. ಆಕಾಶ ಎತ್ತಲೋ ವಾಲಿತು. ಬೀಳುವವನು ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾನೆ. ನನಗೆ ಸಿಕ್ಕಿದ್ದು ಪೆಟ್ಟಿಗೆ. ನಾನು ಬಿದ್ದೆ, ಪೆಟ್ಟಿಗೆ ಬಿತ್ತು, ಐಸು ಚೆಲ್ಲಿತು. ಅಧಿಕಾರಿ, ಚಿಕ್ಕಪ್ಪನ ಮಗ, ಸಾಲುಗಟ್ಟಿ ನಿಂತಿದ್ದ ಅಷ್ಟೂ ಜೀಪುಗಳ ಎದುರಿಗೆ ಬರಿಗಾಲಿನ ಹುಬಾರಾ ಒಂದು ಹೊರಳಿ ಬಂದು ನನ್ನ ಎದೆಯ ಮೇಲೆ ಕೂತಿತು.

ಇದನ್ನೆಲ್ಲ ಆಮೇಲೆ ಬೇರೆಯವರು ಹೇಳಿದ್ದು. ನನಗೆ ಎಚ್ಚರವಾದಾಗ ರುಮೈಥಿಯಾದ ಯಜಮಾನರ ಮನೆಯ ಮೆತ್ತೆಯ ಮೇಲೆ ಮಲಗಿದ್ದೆ. ಅವರೇ ಹೊತ್ತು ತಂದಿದ್ದರಂತೆ. ಅವರ ಆ ವರ್ಷದ ಪರವಾನಗಿ ರದ್ದಾಗಿತ್ತು. ಪಂದ್ಯ ಸೋತಿದ್ದರು. ಖಾಲಿ ಐಸ್ ಪೆಟ್ಟಿಗೆಯ ಪಕ್ಕ ಗೋಡೆಗೊರಗಿ ಕೂತಿದ್ದರು.

ಅವರ ತಾಯಿ ಏಲಕ್ಕಿ ಹಾಕಿದ ಚಹಾ ಹಿಡಿದು ನನ್ನ ಪಕ್ಕ ಕೂತಿದ್ದರು. ಗಂಡನ ವ್ಯಾಪಾರದ ಕಾಲದಲ್ಲಿ ಬೊಂಬಾಯಿಯಲ್ಲಿದ್ದವರು. ಹಿಂದಿ ನನಗಿಂತ ಚೆನ್ನಾಗಿ ಬರುತ್ತಿತ್ತು.

"ಹಕ್ಕಿ ನೋಡಿದರೆ ಬೀಳುವವನು ಬೇಟೆಗೆ ಏಕೆ ಹೋದೆ, ಮಗನೇ?"

ಸುಳ್ಳು ಹೇಳುವಷ್ಟು ಶಕ್ತಿ ಇರಲಿಲ್ಲ. ಎಲ್ಲ ಹೇಳಿಬಿಟ್ಟೆ. ಚೊಚ್ಚಲ ಹೆರಿಗೆ, ತಿಪಟೂರು, ಅತ್ತೆ, ಬಿಲ್ಲೆ, ಸಹಿ. ಮುದುಕಿ ಮಗನ ಕಡೆ ತಿರುಗಿದರು.

"ಹೆರುವ ಹುಡುಗಿಯ ತಾಯಿಯನ್ನು ಒಂದು ಹಕ್ಕಿಗೋಸ್ಕರ ತಡೆದೆಯಾ?"

"ಯುಮ್ಮಾ, ತಡೆದಿಲ್ಲ. ಶನಿವಾರ ಅಂದಿದ್ದೆ..."

"ನಿನ್ನನ್ನು ಹೆರುವಾಗ ನಾನು ಶನಿವಾರ ಬಾ ಅಂತ ಹೇಳಿದ್ದೆನಾ?"

ಅಷ್ಟು ದೊಡ್ಡ ವ್ಯಾಪಾರಿ ಐಸ್ ಪೆಟ್ಟಿಗೆಯ ಮುಚ್ಚಳದ ಮೇಲೆ ನನ್ನ ಅರ್ಜಿಯನ್ನಿಟ್ಟು, ತಲೆ ತಗ್ಗಿಸಿ ಸಹಿ ಹಾಕಿದರು. ಕಾಗದದ ಒಂದು ಮೂಲೆ ಒದ್ದೆಯಾಯಿತು.

ಅತ್ತೆ ಬಂದರು. ಬಾಣಂತಿ ಖಾರದ ಡಬ್ಬದೊಂದಿಗೆ, ಹರಳೆಣ್ಣೆಯೊಂದಿಗೆ, ಹೆರಿಗೆಗೆ ಇನ್ನೂ ಸಾಕಷ್ಟು ದಿನವಿರುವಾಗಲೇ ಬಂದರು. ಭಾವ ಅವರಿಗೆ ನಮಸ್ಕಾರ ಮಾಡಿ, "ನೀವು ಬಂದೇ ಬರ್ತೀರಿ ಅಂತ ನಾನು ಮೊದಲೇ ಹೇಳಿದ್ದೆ," ಎಂದರು.

ಅತ್ತೆ ಬಂದ ವಾರದಲ್ಲೇ ಒಂದು ಸಂಜೆ ಬಾಗಿಲು ಬಡಿದ ಸದ್ದಾಯಿತು. ಅಬು ನಾಸೆರ್! ಒಂದು ಕೈಯಲ್ಲಿ ಬಸುರಿಗೆಂದು ತಾಯಿ ಕಳಿಸಿದ ಖರ್ಜೂರದ ಬುಟ್ಟಿ. ಇನ್ನೊಂದರಲ್ಲಿ ದಪ್ಪ ಕಾಗದದ ಸುರುಳಿ. ತಪಾಸಣೆಯ ಅಧಿಕಾರಿ ನನಗೆ ಕೊಡಲು ಅವರ ಕೈಯಲ್ಲೇ ಕಳಿಸಿದ್ದರು. ಕೆಳಗೆ ಕೆಂಪು ಮುದ್ರೆ, ಮೇಲೆ ಹಕ್ಕಿಯ ಚಿತ್ರ.

"ಅರಬ್ಬಿಯಲ್ಲಿದೆ, ನಾನೇ ಓದಿ ಹೇಳುತ್ತೇನೆ," ಎಂದರು ಯಜಮಾನರು. "ಈ ಮನುಷ್ಯ ನಿಯಮಕ್ಕಾಗಿ ತನ್ನ ಮೈಯ ಪರಿವೆಯನ್ನೂ ಬಿಟ್ಟು ಅಪರಾಧವೊಂದನ್ನು ಬಯಲು ಮಾಡಿದ, ಅಂತ ಬರೆದಿದ್ದಾರೆ. ಆ ಅಪರಾಧಿ ನಾನು." ಎಲ್ಲರಿಗಿಂತ ಜೋರಾಗಿ ಅವರೇ ನಕ್ಕು, ಎರಡೂ ಕೈಯಿಂದ ಸರ್ಟಿಫಿಕೇಟನ್ನು ನನಗೆ ಕೊಟ್ಟರು.

ನಾನು ಅದನ್ನು ಗೋಡೆಯ ಮೇಲಿನ ಬಿ.ಕಾಂ. ಪಕ್ಕದಲ್ಲಿ ಹಿಡಿದು ನೋಡಿದೆ. ಅಳತೆ ಸರಿಹೋಗುತ್ತಿತ್ತು. ನೆರೆದವರಲ್ಲಿ ಯಾರಾದರೂ ಒಂದು ಒಳ್ಳೆಯ ಮಾತು ಆಡಬಹುದೆಂದು ತಿರುಗಿ ನಿಂತೆ. ಆಗಿನಿಂದ ಗಿರಿಜಾಳ ಬಾಯಿಂದ ನಡೆದ ಕತೆಯನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ ಅತ್ತೆ, ಖಾರದ ಡಬ್ಬದ ಮುಚ್ಚಳ ಬಿಗಿಮಾಡಿ ನನ್ನ ಕಡೆ ನೋಡಿದರು.

"ಅಳಿಯಂದ್ರೇ, ನೋವು ಶುರುವಾದ ದಿನ ನೀವು ಸುಮ್ನೆ ನಿಮ್ಮ ಭಾವನ ರೂಮಿಗೆ ಹೊರಟುಬಿಡಿ. ನಾನು ಬಂದಿರೋದು ಒಬ್ಬ ಬಾಣಂತೀನ ನೋಡ್ಕೊಳ್ಳೋಕೆ, ಇಬ್ಬರನ್ನಲ್ಲ."