ಮೂರು ಸಲ ಆಮೆನ್

ನಮ್ಮ ಮಂದಿಗೆ ಇಂಗ್ಲಿಷ್ ಹಾಡು ಎಂದೂ ಬರುವುದಿಲ್ಲ ಎಂದು ತೀರ್ಪು ಕೊಟ್ಟವನು ನನ್ನ ಸೋದರಮಾವ ಯಲ್ಲಪ್ಪ. ಗೋವೆಯ ಕುಂಡಯಿಯಲ್ಲಿ ಶೆಡ್ಡು ಕಟ್ಟುವವರ ಮುಕಾದಮ ಅವನು. ‘ಆಗೂದಿಲ್ಲ’ ಎನ್ನುವುದು ಅವನ ಕಸುಬಿನ ಅರ್ಧ ಭಾಗ. ನಾನು ಬಿ.ಎ. ಕಟ್ಟುತ್ತೇನೆಂದಾಗಲೂ ಹಾಗೇ ಅಂದಿದ್ದ. ಫ್ಯಾಕ್ಟರಿಯಲ್ಲಿ ಹಾಜರಿ ಬರೆಯುತ್ತಲೇ ಆರು ವರ್ಷ ಗುದ್ದಾಡಿ ಪಾಸಾದೆ, ಮನೆತನಕ್ಕೇ ಮೊದಲ ಪದವೀಧರೆ. ಆದರೆ ಆ ಡಿಗ್ರಿ ಅಂಚೆಯಲ್ಲಿ ಬಂತು. ಗಾರೆ ಹೊತ್ತು ನನ್ನನ್ನು ಓದಿಸಿದ ಅವ್ವ ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡಿ, “ನಿನ್ನ ಹೆಸರ ಕರದು, ಎಲ್ಲಾರ ಮುಂದ ಕೊಡೂದಿಲ್ಲೇನ?” ಎಂದು ಕೇಳಿದಳು. ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಆದ್ದರಿಂದ ನಮ್ಮ ಆಫೀಸಿನ ಫಿಲೊಮಿನಾ, “ನಮ್ಮ ಕ್ವಾಯರಿನಲ್ಲಿ ಆಲ್ಟೊ ಕಡಿಮೆ ಇದ್ದಾರೆ, ಬಾ. ಕೊನೆಗೆ ಸ್ಟೇಜ್ ಮೇಲೆ ಸರ್ಟಿಫಿಕೇಟ್ ಕೊಡ್ತಾರೆ” ಎಂದಾಗ, ಆಲ್ಟೊ ಎಂದರೇನೆಂದು ಕೇಳದೆಯೇ ಹೂಂ ಅಂದೆ. ಕ್ವಾಯರ್ ಎಂಬ ಆ ಮೇಳಗಾಯನದ ನಾಲ್ಕು ಬಗೆಯ ದನಿಗಳಲ್ಲಿ ಹೆಂಗಸರ ತಗ್ಗು ದನಿಯೇ ಆಲ್ಟೊ ಎಂದು ಆಮೇಲೆ ತಿಳಿಯಿತು. ರಾಗದ ಸೊಗಸೆಲ್ಲ ಮೇಲಿನ ದನಿಯವರ ಪಾಲು. ನಮ್ಮದು ನಡುವೆ ನಿಂತು ಭಾರ ಹೊರುವ ಕೆಲಸ. ಟೀಚರ್ ಲವೀನಾ ಬರೀ ಆಲ್ಟೊ ಹಾಡಿದ ಕ್ಯಾಸೆಟ್ ಕೊಟ್ಟರು. ಕೊರ್ತಾಲಿಮ್‌ನ ನಮ್ಮ ಖೋಲಿಯಲ್ಲಿ ಅದನ್ನು ಹಾಕಿಕೊಂಡು ತಿಂಗಳುಗಟ್ಟಲೆ ಹಾಡಿದೆ. ಸೋಮವಾರದ ಭಜನೆ ನಡೆಸುವ ಅವ್ವ ಒಂದು ದಿನ ತಾಳ್ಮೆಗೆಟ್ಟಳು: “ಇಡೀ ಹಾಡಿನ್ಯಾಗ ಎರಡ ಸ್ವರ ಅದಾವಲ್ಲವಾ, ಅದಕ್ಕ ಇಷ್ಟ ದಿನ ಬೇಕೇನ?”

ಹಾಡು ಕಟ್ಟಿದವನು ನಾನೂರು ವರ್ಷದ ಹಿಂದಿನ ಇಂಗ್ಲೆಂಡಿನ ಒಬ್ಬ ಚರ್ಚಿನ ನೌಕರ. ಆ ಕಾಲದಲ್ಲಿ ಗಾದಿಯ ಮೇಲಿನವರು ಬದಲಾದರೆ ಪ್ರಾರ್ಥನೆಯ ಕ್ರಮ ಬದಲಾಗುತ್ತಿತ್ತಂತೆ. ಲ್ಯಾಟಿನ್ನಿನಲ್ಲಿ ಹಾಡು ಕಟ್ಟಿದವರೇ ಇಂಗ್ಲಿಷಿನಲ್ಲಿ ಹೊಸದಾಗಿ ಕಟ್ಟಿಕೊಡಬೇಕಾಗುತ್ತಿತ್ತಂತೆ. ಲವೀನಾ ಟೀಚರ್ ಇದನ್ನು ಹೇಳಿದ ದಿನದಿಂದ ನನಗೆ ಆ ಪುಣ್ಯಾತ್ಮರ ಮೇಲೆ ಬಳಗದ ಅಕ್ಕರೆ. ನಮ್ಮಲ್ಲಿ ಮ್ಯಾನೇಜರ್ ಬದಲಾದಾಗಲೆಲ್ಲ ಹಾಜರಿ ಪುಸ್ತಕವನ್ನು ಹೊಸ ನಮೂನೆಯಲ್ಲಿ ಬರೆಯುವವಳು ನಾನೇ ತಾನೆ! ವ್ಯತ್ಯಾಸ ಇಷ್ಟೆ: ಅವರು ಬರೆದದ್ದನ್ನು ಜನ ಇನ್ನೂ ಹಾಡುತ್ತಾರೆ.

ಸರ್ಟಿಫಿಕೇಟಿಗೆ ಇದ್ದ ಪರೀಕ್ಷೆಯೆಂದರೆ ಪಣಜಿಯ ಸಭಾಂಗಣದಲ್ಲಿ ಮನೆಯವರೆಲ್ಲರ ಮುಂದೆ ಹಾಡುವುದು. ತಪ್ಪಿದವರಿಗೆ ಸರ್ಟಿಫಿಕೇಟ್ ಇಲ್ಲ. ಅವ್ವ ಇಳಕಲ್ ಸೀರೆಯುಟ್ಟು ಮೂರನೆಯ ಸಾಲಿನಲ್ಲಿ ಕೂತಿದ್ದಳು. ಪರೀಕ್ಷಕಿ ಬೆಳ್ಳಿಕೂದಲಿನ ಹಿರಿಯರು, ಕೈಯಲ್ಲಿ ಸ್ವರದ ಹಾಳೆ. ನಾಲ್ಕು ದನಿ ಕೂಡಿದಾಗ ನನ್ನ ಎರಡು ಸ್ವರಗಳಿಗೆ ಅರ್ಥ ಬಂತು, ಎದೆ ಉಬ್ಬಿತು. ಕೊನೆಯ ಆಮೆನ್ ಮುಗಿಯಿತು. ಟೀಚರ್ ಕೈ ಇಳಿಸಿದರು. ಸಭೆ ಉಸಿರು ಹಿಡಿದಿತ್ತು.

ನಮ್ಮ ಭಜನೆಯಲ್ಲಿ ಕೊನೆಯ ಸಾಲನ್ನು ಮೂರು ಸಲ ಅನ್ನದೆ ಯಾರೂ ತಾಳ ಕೆಳಗಿಡುವುದಿಲ್ಲ. ನಾನು ಚಿಕ್ಕಂದಿನಿಂದ ಹಾಗೆಯೇ ಮುಗಿಸಿದವಳು. ಉಬ್ಬಿದ ಎದೆ ಕೇಳಬೇಕಲ್ಲ, ಆ ಮೌನದಲ್ಲಿ ಒಬ್ಬಳೇ ಮತ್ತೆ “ಆಮೆನ್” ಎಂದು ಎತ್ತಿಯೇಬಿಟ್ಟೆ. ಸ್ವರ ತಪ್ಪೀತೆಂದು ಸದಾ ನನಗೇ ಕಿವಿಗೊಡುತ್ತಿದ್ದ ಉಳಿದ ಆಲ್ಟೊಗಳು ಹಿಂದೆಯೇ ಬಂದರು. ಟೀಚರ್ ಲವೀನಾ ಗಾಬರಿಯಲ್ಲಿ ಕೈ ಎತ್ತಿದರು. ಕೈ ಎದ್ದದ್ದೇ ನಲವತ್ತು ಜನ ಕೂಡಿಕೊಂಡರು. ಎರಡನೆಯದು ಮುಗಿಯಿತು. ನಿಲ್ಲಿಸಬಹುದಿತ್ತು. ಆದರೆ ಎರಡಕ್ಕೆ ನಿಲ್ಲಿಸುವುದು ಅಪಶಕುನವೆಂದು ಬೆಳೆದವಳು ನಾನು, ಮೂರನೆಯದನ್ನೂ ಎತ್ತಿದೆ. ಪರೀಕ್ಷಕಿ ಹಾಳೆ ತಿರುವಿ ತಿರುವಿ ಆ ಸಾಲನ್ನು ಹುಡುಕುತ್ತಿದ್ದರು.

ವೇದಿಕೆಯಿಂದ ಒಳಗೆ ಬಂದದ್ದೇ ಫಿಲೊಮಿನಾ, “ಎಲ್ಲ ಮುಳುಗಿಸಿದೆಯಲ್ಲ ಗೊ ಬಾಯ್!” ಎಂದು ಕೊಂಕಣಿ ಬೆರೆಸಿ ಗದರಿದಳು. ಅವ್ವನನ್ನು ಕರೆಸಿ ಅವಮಾನ ಮಾಡಿದೆನಲ್ಲ ಎಂದು ಕಣ್ಣು ತುಂಬಿತು. ಅರ್ಧ ಗಂಟೆಯ ಮೇಲೆ ಹೆಸರುಗಳನ್ನು ಕರೆಯತೊಡಗಿದರು. ಎಲ್ಲರದಾದ ಮೇಲೆ, ಕಟ್ಟಕಡೆಗೆ, ನನ್ನದು. ಪರೀಕ್ಷಕಿ ಸರ್ಟಿಫಿಕೇಟ್ ಕೈಗಿಟ್ಟು, “ದನಿ ಚೆನ್ನಾಗಿದೆ. ನಿಲ್ಲಿಸುವುದನ್ನು ಕಲಿ” ಎಂದು ಇಂಗ್ಲಿಷಿನಲ್ಲಿ ಹೇಳಿದರು. ನಾನು ಹಾರಿ ಬಂದು ಅದನ್ನು ಅವ್ವನ ಕೈಗೆ ಕೊಟ್ಟು, ಆದ ತಪ್ಪನ್ನೂ ಒಪ್ಪಿಕೊಂಡೆ.

ಅವ್ವ ಸೆರಗಿನಿಂದ ಕೈ ಒರೆಸಿಕೊಂಡು ಸರ್ಟಿಫಿಕೇಟ್ ಹಿಡಿದಳು. “ತಪ್ಪ ಯಾಕಾದೀತ? ಅವ್ರು ಒಮ್ಮಿಗೇ ನಿಂತಬಿಟ್ರು, ಹಾಡ ಮುಗೀತೋ ಮರತ್ರೋ ಯಾರಿಗ ಗೊತ್ತಾಗಬೇಕು? ನಿಮ್ಮ ಟೀಚರ್ ಬಾಯಾರಿಗೆ ಹೇಳು, ಭಾಳ ಚಲೋ ಕಲಿಸ್ಯಾರ. ಮುಗಸೂದೊಂದು ನಾ ಬಂದು ಹೇಳಿಕೊಡ್ತೇನಂತ.”