ಕೆಂಪು ರೇಷ್ಮೆ ನುಂಗಿದ ಬೆಕ್ಕು

ಶಿವಪ್ರಕಾಶ ಮಗ್ಗದಿಂದೆದ್ದು ಒಂದು ಲೋಟ ನೀರು ಕುಡಿದು ಬಂದದ್ದೇ ತಪ್ಪಾಯಿತು. ಅಷ್ಟರಲ್ಲಿ ಸೀರೆಯ ಸೆರಗಿಗೆಂದು ಕೆಂಪು ರೇಷ್ಮೆ ಸುತ್ತಿಟ್ಟಿದ್ದ ಕಂಡಿಕೆ ನೆಲಕ್ಕೆ ಬಿದ್ದಿತ್ತು. ಅದರಿಂದ ಹೊರಟ ಎಳೆ ಪಡಸಾಲೆ ದಾಟಿ, ಕಂಬ ಸುತ್ತಿ, ಬಿಳಿ ಬೆಕ್ಕಿನ ಬಾಯಿಯೊಳಗೆ ಹೋಗಿ ಮುಗಿದಿತ್ತು. ಬೆಕ್ಕು ಎಲೆ ಅಡಿಕೆ ಹಾಕಿಕೊಂಡ ಮುದುಕಿಯಂತೆ ದವಡೆ ಆಡಿಸುತ್ತ ಕೂತಿತ್ತು.

ಇಳಕಲ್ಲಿನ ನೇಕಾರರ ಓಣಿಯಲ್ಲಿ ಬೆಕ್ಕು ನೂಲಿಗೆ ಬಾಯಿ ಹಾಕುವುದು ಹೊಸದೇನಲ್ಲ. ಆದರೆ ಇದು ಲಾಡಬಿಯ ಬೆಕ್ಕು, ಪಡಸಾಲೆಯೂ ಲಾಡಬಿಯದು. ಶಿವಪ್ರಕಾಶನ ಮನೆಯಲ್ಲಿ ಮಗ್ಗ ಹಿಡಿಸುವುದಿಲ್ಲವೆಂದು ಪಕ್ಕದ ಮನೆಯ ಈ ಹಿರಿಯ ಹೆಂಗಸು ತನ್ನ ಪಡಸಾಲೆಯನ್ನೇ ಬಿಟ್ಟುಕೊಟ್ಟಿದ್ದಳು. ಗಂಡ ತೀರಿದ ಮೇಲೆ ಆಕೆಗೆ ಜೊತೆಗಿದ್ದದ್ದು ಸುಲ್ತಾನನೆಂಬ ಬಿಳಿ ಬೆಕ್ಕು ಒಂದೇ. ನಿನ್ನೆ ಸಂಜೆ ಆಕೆ ಹೇಳಿದ್ದಳು:

"ನಾ ನಸುಕಿನ್ಯಾಗ ಬಾಗಲಕೋಟಿಗೆ ಮಗಳ ಮನಿಗೆ ಹೋಗ್ತೇನಿ ಶಿವೂ. ಸಂಜಿಗೆ ಬರ್ತೇನಿ. ಸುಲ್ತಾನನ ಮ್ಯಾಲ ಕಣ್ಣಿಡು. ಅವಂಗೇನರ ಆತಂದ್ರ ನಿನ್ನ ಮಗ್ಗ ಓಣ್ಯಾಗ ಇರ್ತದ ನೋಡು."

ಲಾಡಬಿ ಆಡಿದ ಮಾತಿಗೆ ತಪ್ಪಿದ್ದನ್ನು ಓಣಿಯಲ್ಲಿ ಯಾರೂ ಕಂಡಿರಲಿಲ್ಲ.

ಶಿವಪ್ರಕಾಶ ಕೂಗಿಕೊಳ್ಳಲೂ ಇಲ್ಲ. ಆದರೂ ಎದುರು ಮನೆಯ ಗುರಪ್ಪ ಹೇಗೋ ಬಂದೇಬಿಟ್ಟ. ಓಣಿಯಲ್ಲಿ ಯಾರ ಮನೆಯಲ್ಲಿ ಹಾಲು ಉಕ್ಕಿದರೂ ಮೊದಲು ತಿಳಿಯುವುದು ಅವನಿಗೇ.

"ಎಳದ್ರ ಬರ್ತದ ಲೇ ಶಿವ್ಯಾ. ಬಾವ್ಯಾಗಿನ ಹಗ್ಗ ಎಳದಂಗ ಎಳಿಬೇಕು. ನೀ ಬೆಕ್ಕ ಹಿಡಿ, ನಾ ಎಳೀತೇನಿ."

ಶಿವಪ್ರಕಾಶ ಹಿಡಿದ. ಗುರಪ್ಪ ಎಳೆಯನ್ನು ಮುಟ್ಟಿದ್ದಷ್ಟೇ, ಬೆಕ್ಕು ಹಿಡಿದವನ ಮುಂಗೈಯನ್ನು ಹೊಲ ಹರಗಿದಂತೆ ಹರಗಿಬಿಟ್ಟಿತು. ಎಳೆಯುವ ಮಾತು ಅಲ್ಲಿಗೆ ನಿಂತಿತು.

"ಹಂಗಾರ ಕತ್ತರಿ ತಗೊಂಡು ಕೊಯ್ದುಬಿಡ್ಲಿ?" ಎಂದ ಶಿವಪ್ರಕಾಶ.

"ಕೊಯ್ದರ ತುದಿ ಒಳಗ ಹೋಗ್ತದ. ಆಮ್ಯಾಲ ಹುಡುಕಾಕ ನೀ ಒಳಗ ಹೋಗ್ತಿ?"

ಅಷ್ಟರಲ್ಲಿ ಹಿಂದಿನ ಮನೆಯ ಸಂಗವ್ವ ಔಡಲೆಣ್ಣೆಯ ಬಟ್ಟಲು ಹಿಡಿದು ಬಂದಳು. "ಒಂದು ಚಮಚಾ ಕುಡಸು ತಮ್ಮಾ, ಕೆಳಗಿಂದ ಹರೀತದ. ನಮ್ಮ ಎಮ್ಮಿ ಸೀರಿ ತಿಂದಿತ್ತು, ಹಂಗ ಹರೀತು." ಚಮಚೆ ಬಾಯಿಯ ಹತ್ತಿರ ಹೋದದ್ದೇ ತಡ, ಎಣ್ಣೆ ಮೂವರ ಮುಖಕ್ಕೂ ಸಮನಾಗಿ ಹಂಚಿಕೆಯಾಯಿತು. ಶಿವಪ್ರಕಾಶನ ಇನ್ನೊಂದು ಕೈಗೂ ಗೀರು ಬಿತ್ತು.

ಊರಿನ ದನದ ದವಾಖಾನೆಯ ಡಾಕ್ಟರು ಅಂದು ಕುರಿಗಳಿಗೆ ಲಸಿಕೆ ಹಾಕಲು ಹಳ್ಳಿಗೆ ಹೋಗಿದ್ದರು. ಹುನಗುಂದದಲ್ಲಿ ಸುರೇಖಾ ಎನ್ನುವ ಡಾಕ್ಟರು ಇದ್ದಾರೆ, ಕೈಗುಣ ಒಳ್ಳೆಯದು ಎಂದು ಸಂಗವ್ವ ಹೇಳಿದಳು. ಎಳೆಯುವಂತಿಲ್ಲ, ಕೊಯ್ಯುವಂತಿಲ್ಲ. ಹಾಗಾಗಿ ಬೆಕ್ಕು ಬುಟ್ಟಿಯಲ್ಲಿ, ಕಂಡಿಕೆ ಶಿವಪ್ರಕಾಶನ ಅಂಗಿಯ ಜೇಬಿನಲ್ಲಿ, ನಡುವೆ ಕೆಂಪು ಎಳೆ. ಹೀಗೆ ಬಸ್ ಹತ್ತಿದರು. ಕರೆಯದಿದ್ದರೂ ಗುರಪ್ಪ ಜೊತೆಗೆ ಬಂದ.

ಬಸ್ಸು ಮೊದಲ ಗುಂಡಿಗೆ ಇಳಿದಾಗ ಕಂಡಿಕೆ ಜೇಬಿನಿಂದ ಹಾರಿತು. ಸೀಟಿನ ಕೆಳಗೆ ಉರುಳಿ, ಯಾರದೋ ಚೀಲ ಬಳಸಿ, ಕಾಲುಗಳ ನಡುವೆ ಬಿಚ್ಚಿಕೊಳ್ಳುತ್ತ ಡ್ರೈವರನ ತನಕ ಹೋಯಿತು.

"ಯಾರೂ ಕಾಲು ಅಲ್ಲಾಡಸಬ್ಯಾಡ್ರಿ," ಎಂದು ಗುರಪ್ಪ ಎದ್ದು ನಿಂತು ಹೇಳಿದ. "ಈ ಎಳಿ ಬೆಕ್ಕಿನ ಕರಳಿಗೆ ಹತ್ತೇದ. ಜಗ್ಗಿದ್ರ ಜೀವ ಹೋಗ್ತದ."

ಗಲಾಟೆಯಲ್ಲಿದ್ದ ಬಸ್ಸು ಸುಮ್ಮನಾಯಿತು. ಹೆಂಗಸರು ಕಾಲು ಮೇಲೆತ್ತಿ ಕೂತರು. ಕಂಡಕ್ಟರು ಚಪ್ಪಲಿ ಕೈಯಲ್ಲಿ ಹಿಡಿದು, ಎಳೆ ದಾಟಿ ದಾಟಿ ಟಿಕೆಟ್ ಕೊಟ್ಟ. ಡ್ರೈವರು ತುಂಬಿದ ಕೊಡ ಹೊತ್ತವನಂತೆ ಗಾಡಿ ನಡೆಸಿದ. ಕಿಟಕಿಯ ಬಿಸಿಲಿಗೆ ಆ ಕೆಂಪು ಎಳೆ ಎಲ್ಲರ ಪಾದಗಳ ನಡುವೆ ಮಿಂಚುತ್ತಿತ್ತು. ಇಷ್ಟು ಜನ ಒಂದು ಬೆಕ್ಕಿಗಾಗಿ ಉಸಿರು ಬಿಗಿಹಿಡಿದದ್ದನ್ನು ನೋಡಿ ಶಿವಪ್ರಕಾಶನಿಗೆ ಕಣ್ಣು ತುಂಬಿ ಬಂತು.

ದವಾಖಾನೆಯಲ್ಲಿ ಸುರೇಖಾ ಡಾಕ್ಟರು ಒಂದು ನಾಯಿಯ ಕಿವಿ ಸ್ವಚ್ಛ ಮಾಡುತ್ತಿದ್ದರು. ಚಿಕ್ಕ ವಯಸ್ಸು, ಮೆಲ್ಲನೆಯ ದನಿ. ನಾಯಿಯನ್ನು ಕಳಿಸಿ, ಕೈ ತೊಳೆದು, ಬುಟ್ಟಿಯ ಬಟ್ಟೆ ಸರಿಸಿದರು.

"ಯಾರರ ಎಳದೀರೇನ್ರಿ?"

ಗುರಪ್ಪ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡತೊಡಗಿದ. ಶಿವಪ್ರಕಾಶ ಇಲ್ಲವೆಂದು ತಲೆಯಾಡಿಸಿದ.

"ಎಳದಿಲ್ಲಂದ್ರ ಛಲೋ ಆತು," ಎಂದರು ಡಾಕ್ಟರು. "ಎಳಿ ಒಳಗ ಹೋಗಿದ್ದಾಗ ಎಳದ್ರ, ಲಾಡಿ ಜಗ್ಗಿದ ಪಾಯಿಜಾಮದಂಗ ಕರಳು ನಿರಿಗಿ ನಿರಿಗಿ ಆಗ್ತದ. ಕೊಯ್ದೂ ಬಿಡ್ತದ."

ಶಿವಪ್ರಕಾಶ ಹೂಂಗುಟ್ಟಿದ. ಒಂದು ಎಳೆ ಜಗ್ಗಿದರೆ ಇಡೀ ಬಟ್ಟೆ ಮುದುಡುವುದನ್ನು ಅವನು ದಿನವೂ ಕಂಡವನು. ಬೆಕ್ಕಿನ ಹೊಟ್ಟೆಯೊಳಗೂ ಅದೇ ನಿಯಮ ನಡೆಯುತ್ತದೆಂದು ಮಾತ್ರ ಗೊತ್ತಿರಲಿಲ್ಲ.

"ಹೆಸರೇನ್ರಿ ಇದರದು?"

"ಸುಲ್ತಾನ ಅಂತ್ರಿ, ಡಾಕ್ಟರಬಾಯಾರ."

ಡಾಕ್ಟರು ಬೆಕ್ಕಿನ ಕಡೆ ಒಮ್ಮೆ ನೋಡಿ ನಕ್ಕರು. ಆಮೇಲೆ ತುಟಿ ಎತ್ತಿ ಒಸಡಿಗೆ ಬೆರಳು ಒತ್ತಿದರು. ಬಿಳಿಚಿದ ಒಸಡು ಮತ್ತೆ ಗುಲಾಬಿಯಾಯಿತು. "ರಕ್ತ ಛಲೋ ಓಡ್ತದ." ಕುತ್ತಿಗೆಯ ತೊಗಲು ಚಿವುಟಿ ಬಿಟ್ಟರು. ಅದು ತಟ್ಟನೆ ಕೂತಿತು. "ಮೈಯಾಗ ನೀರು ಐತಿ." ಕಿವಿಯೊಳಗೆ ನೋಡಿದರು, ರೋಮ ಹಿಂದಕ್ಕೆ ಸವರಿ ಚಿಗಟ ಹುಡುಕಿದರು, ಎದೆಗೆ ಕೊಳವೆ ಇಟ್ಟು ಕೇಳಿದರು. ಬೆಕ್ಕು ಒಂದು ಸಲವೂ ಉಗುರು ತೆಗೆಯಲಿಲ್ಲ. ಮಾತು ಬಾರದ ಪ್ರಾಣಿ ತನ್ನ ಸುದ್ದಿಯನ್ನೆಲ್ಲ ಮೈಮೇಲೆ ಇಟ್ಟುಕೊಂಡಿರುತ್ತದೆ, ನೋಡುವವರು ಬೇಕು ಅಷ್ಟೇ ಎಂದು ಶಿವಪ್ರಕಾಶನಿಗೆ ಅನಿಸಿತು. ದಿನವೂ ಕಾಲಡಿ ಓಡಾಡುವ ಬೆಕ್ಕನ್ನು ಅವನು ಈವತ್ತಿನವರೆಗೆ ಮುಖವಿಟ್ಟು ನೋಡಿಯೇ ಇರಲಿಲ್ಲ.

"ಹೊಟ್ಟಿ ನೋಡ್ರಿ ಬಾಯಾರ," ಎಂದ ಗುರಪ್ಪ. "ಹಿಂಗ ಉಬ್ಬೇದಂದ್ರ ಒಳಗ ಅರ್ಧ ಸೀರಿ ಇರಬೇಕು."

"ಮೊದಲ ಬಾಯಿ ನೋಡೂಣು."

ಡಾಕ್ಟರು ನಾಲಗೆ ಎತ್ತಿ ಬ್ಯಾಟರಿ ಬಿಟ್ಟರು. ಸಣ್ಣ ಚಿಮಟಿಗೆಯಿಂದ ಹಿಂದಿನ ಹಲ್ಲಿನ ಸುತ್ತ ಮೆಲ್ಲಗೆ ಏನನ್ನೋ ಬಿಡಿಸಿದರು. ಎಳೆ ಸಡಿಲಾಗಿ ಮೇಜಿನ ಮೇಲೆ ಬಿತ್ತು. ಅದರ ತುದಿ ಅಲ್ಲೇ ಇತ್ತು.

"ನುಂಗೇ ಇಲ್ಲ. ಹಲ್ಲಿಗೆ ಸುತ್ತಿಕೊಂಡಿತ್ತು."

ಶಿವಪ್ರಕಾಶ ಆ ತುದಿಯನ್ನು ನೋಡಿದ, ಡಾಕ್ಟರ ಬೆರಳುಗಳನ್ನು ನೋಡಿದ. ಅಷ್ಟು ನವಿರಾಗಿ ಸಿಕ್ಕು ಬಿಡಿಸಿದವರನ್ನು ಅವನು ನೇಕಾರರಲ್ಲೂ ಕಂಡಿರಲಿಲ್ಲ. ಮಗ್ಗ ಉಳಿಯಿತು ಎಂಬ ಖುಷಿಯಲ್ಲಿ ಎರಡೂ ಕೈ ಎತ್ತಿ ಮುಗಿದ.

ಅದೇ ತಪ್ಪಾಯಿತು. ಡಾಕ್ಟರು ಆ ಕೈಗಳನ್ನು ನೋಡಿದರು.

"ಪರಚೇದೇನ್ರಿ? ಬೆಕ್ಕಿಗೆ ರೇಬೀಸ್ ಲಸಿಕಿ ಹಾಕ್ಸೀರಿ?"

"ಗೊತ್ತಿಲ್ರಿ. ಇದು ಲಾಡಬಿ ಚಾಚಿ ಬೆಕ್ಕು."

"ಕೇಳ್ರಿ ಅವರನ್ನ. ಅಲ್ಲೀತನ ಸಾಬೂನು ಹಚ್ಚಿ ನಳದ ಕೆಳಗ ಕೈ ಹಿಡೀರಿ. ನಾ ಸಾಕನ್ನೂತನಕ ತೊಳೀರಿ."

ಕೈ ನಳದ ಕೆಳಗಿದ್ದದ್ದರಿಂದ ಗುರಪ್ಪನೇ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ದನಿ ದೊಡ್ಡದು ಮಾಡಿ ಹಿಡಿದ. ಶಿವಪ್ರಕಾಶ ನಡೆದದ್ದನ್ನೆಲ್ಲ ಹೇಳಿ, "ನಿಮ್ಮ ಸುಲ್ತಾನ ಉಳದ ಚಾಚಿ," ಎಂದು ಮುಗಿಸಿದ.

ಆ ಕಡೆಯಿಂದ ಲಾಡಬಿಯ ದನಿ ಏರಿತು.

"ಯಾ ಸುಲ್ತಾನ? ಸುಲ್ತಾನ ನನ್ನ ತೊಡಿ ಮ್ಯಾಲ ಮಲಗ್ಯಾನ. ಮೊಮ್ಮಗಳು ರಾತ್ರಿ ಫೋನಿನ್ಯಾಗ ಅತ್ತಳಂತ ಜೋಡೀನ ಕರಕೊಂಡ ಬಂದೇನಿ. ನೀ ಯಾರ ಬೆಕ್ಕು ಹಿಡಕೊಂಡ ಹೋಗೀದಿ?"

ಗುರಪ್ಪ ಬೆಕ್ಕಿನ ಮುಖ ನೋಡಿದ. ಬೆಕ್ಕು ಗುರಪ್ಪನ ಮುಖ ನೋಡಿತು.

"ಸಾಕಿದವರ ಗುರುತಿಲ್ಲಂದ್ರ, ನೀವು ಈಗಿಂದೀಗ ದೊಡ್ಡ ದವಾಖಾನಿಗೆ ಹೋಗಿ ಇಂಜೆಕ್ಷನ್ ಚಾಲೂ ಮಾಡಬೇಕ್ರಿ," ಎಂದರು ಡಾಕ್ಟರು. "ಒಂದಕ್ಕ ಮುಗಿಯೂದಲ್ಲ, ಅವರು ಹೇಳಿದಷ್ಟೂ ತಗೋಬೇಕು. ಸಣ್ಣ ಗೀರು ಅಂತ ಬಿಡಬ್ಯಾಡ್ರಿ. ಮತ್ತ ಈ ಬೆಕ್ಕು ಹತ್ತು ದಿನ ನಿಮ್ಮ ಕಣ್ಣಮುಂದ ಇರಬೇಕು."

"ಎಲ್ಲಿ ಇಟ್ಕೋತಿ?" ಫೋನಿನೊಳಗಿಂದ ಲಾಡಬಿ ಕೇಳಿದಳು. "ನನ್ನ ಪಡಸಾಲ್ಯಾಗ? ಇನ್ನೊಂದು ಬೆಕ್ಕಿನ ವಾಸನಿ ಬಡದ್ರ ನನ್ನ ಸುಲ್ತಾನ ಅನ್ನ ಬಿಡ್ತಾನ. ಆ ಬೆಕ್ಕು ಬಂತಂದ್ರ ಮಗ್ಗ ಓಣಿಗೆ."

"ಬರೇ ಹತ್ತು ದಿನ ಚಾಚಿ. ಮಗ್ಗದ ಕೆಳಗ ಕಾಲಿಡೂ ಕುಣ್ಯಾಗ ಇಟ್ಕೋತೇನಿ, ಹೊರಗ ಬಿಡಂಗಿಲ್ಲ."

ಲಾಡಬಿ ನಿಟ್ಟುಸಿರು ಬಿಟ್ಟಳು. "ಹತ್ತು ದಿನ. ಹನ್ನೊಂದನೇ ದಿನ ಇರಬಾರದು."

ಡಾಕ್ಟರು ಅಷ್ಟರಲ್ಲಿ ಬೆಕ್ಕಿನ ಹೊಟ್ಟೆಯ ಮೇಲೆ ಅಂಗೈ ಇಟ್ಟು, ದೂರದ ಸದ್ದು ಆಲಿಸುವವರಂತೆ ನಿಂತಿದ್ದರು. ಆಮೇಲೆ ಶಿವಪ್ರಕಾಶನ ಕೈ ಒರೆಸಿ, ತಂದು ಅಲ್ಲಿಟ್ಟರು.

ಮೆತ್ತನೆಯ ರೋಮದ ಕೆಳಗೆ ಏನೋ ಒದೆಯಿತು. ಬೆರಳಷ್ಟು ಆಚೆ ಇನ್ನೊಂದು ಹೊರಳಿತು. ಶಿವಪ್ರಕಾಶ ಉಸಿರಾಡಲಿಲ್ಲ. ಬೆಕ್ಕು ಅವನು ಗುರುತಿನವನೇ ಎಂಬಂತೆ ಗುರುಗುಟ್ಟುತ್ತ ಕಣ್ಣು ಮುಚ್ಚಿತು.

"ಎಷ್ಟದಾವ್ರಿ?" ಎಂದು ಪಿಸುಗುಟ್ಟಿದ.

"ನನ್ನ ಕೈಗೆ ನಾಕು ಸಿಕ್ಕಾವು. ಈ ವಾರದಾಗ ಹಾಕ್ತದ. ಆಮ್ಯಾಲ ಮರಿ ದೊಡ್ಡವಾಗೂತನಕ ಎರಡು ತಿಂಗಳು ತಾಯಿಂದ ಅಗಲಸಬ್ಯಾಡ್ರಿ."

"ಏನಂದ್ರು ಅವರು, ಶಿವೂ?" ಫೋನಿನಲ್ಲಿ ಲಾಡಬಿಯ ದನಿ. "ಸರಿ ಕೇಳಸಲಿಲ್ಲ."

ಶಿವಪ್ರಕಾಶನ ಕೈ ಇನ್ನೂ ಬೆಕ್ಕಿನ ಹೊಟ್ಟೆಯ ಮೇಲೇ ಇತ್ತು. ಮಾತಾಡಿದರೆ ಒಳಗಿನವು ಬೆದರಿಯಾವೆಂದು ಅವನಿಗೆ ಭಯ. ಕೊನೆಗೆ ಗುರಪ್ಪನೇ ಫೋನನ್ನು ಬಾಯಿಯ ಹತ್ತಿರ ತಂದುಕೊಂಡ.

"ಏನಿಲ್ಲ ಚಾಚಿ," ಎಂದ. "ಮಗ್ಗ ಬಿಚ್ಚಾಕ ನಾಳಿ ಮುಂಜಾನಿ ಬಂದ್ರ ನಡೀತದೋ, ಇವತ್ತ ಬರಬೇಕೋ?"